ನವೆಂಬರ್ ಕತ್ತಲಿಗೆ ಮುಂಚೆ: ಶಿಕಾಗೋಗೆ ಬಂದಿರುವ ಹೊಸ ವಿದ್ಯಾರ್ಥಿಗಳಿಗೆ

ಆಗಸ್ಟ್‌ನಲ್ಲಿ ಬಂದಿಳಿದವರಿಗೆ ಮೊದಲ ಎರಡು ತಿಂಗಳು ಎಲ್ಲವೂ ಚೆಂದ. ಕಷ್ಟ ಶುರುವಾಗುವುದು ನವೆಂಬರ್‌ನಲ್ಲಿ. ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಡಿಸೆಂಬರ್ ಹೊತ್ತಿಗೆ ಸಂಜೆ 4:20ಕ್ಕೇ ಸೂರ್ಯ ಮುಳುಗುತ್ತಾನೆ. ಊರಿಗೂ ನಮಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ನೀವು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಬೆಳಗಿನ ತಿಂಡಿ ಮಾಡುತ್ತಿರುತ್ತಾರೆ. "ಹೇಗಿದ್ದೀಯೋ?" ಅಂದರೆ "ಚೆನ್ನಾಗಿದ್ದೀನಮ್ಮ" ಅಂದುಬಿಡುತ್ತೀರಿ, ಅಲ್ವಾ?

ನಾನೂ ಹಾಗೇ ಅನ್ನುತ್ತಿದ್ದೆ. ಅಪ್ಪ ಮನೆ ಅಡವಿಟ್ಟು ಸಾಲ ತೆಗೆದಿದ್ದರು. ಅಷ್ಟು ಮಾಡಿ ಕಳಿಸಿದವರ ಮುಂದೆ ಬೇಜಾರು ಅನ್ನಲು ಬಾಯಿ ಬರುತ್ತಿರಲಿಲ್ಲ. ಋಣದ ಆ ಭಾರವನ್ನೇ ಕೃತಜ್ಞತೆ ಅಂದುಕೊಂಡಿದ್ದೆ. ಎರಡೂ ಬೇರೆ ಅಂತ ತಿಳಿಯಲು ಒಂದು ಚಳಿಗಾಲವೇ ಬೇಕಾಯಿತು.

2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ ಎಂಬ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ಕಾಲೇಜು ವಿದ್ಯಾರ್ಥಿಗಳು ಹತ್ತು ವಾರ, ವಾರಕ್ಕೊಮ್ಮೆ, ತಮಗೆ ಕೃತಜ್ಞತೆ ಅನಿಸಿದ ಐದರವರೆಗಿನ ಸಂಗತಿಗಳನ್ನು ಬರೆದರು. ಕಿರಿಕಿರಿಗಳನ್ನು ಬರೆದವರಿಗಿಂತ ಇವರಿಗೆ ತಮ್ಮ ಬದುಕಿನ ಬಗ್ಗೆ ಸಮಾಧಾನ ಜಾಸ್ತಿ ಇತ್ತು. ನೀವೂ ಮಾಡಿ ನೋಡಿ. ಸುಮ್ನೆ "ಆರೋಗ್ಯ, ಕುಟುಂಬ" ಅಂತ ಬರೆಯಬೇಡಿ. "ಡೆವನ್ ಅವೆನ್ಯೂನ ಭಾರತೀಯ ಅಂಗಡಿಯಿಂದ ನನಗೂ ಸೋನಾ ಮಸೂರಿ ಮೂಟೆ ಹೊತ್ತು ತಂದ ಸೀನಿಯರ್" ಅಂತ ಬರೆಯಿರಿ. ಆಮೇಲೆ ಅವರಿಗೆ ಅದನ್ನು ಹೇಳಿ. ಇಲ್ಲಿ ಬಸ್ ಇಳಿಯುವಾಗ ಡ್ರೈವರ್‌ಗೂ ಥ್ಯಾಂಕ್ಸ್ ಅನ್ನುತ್ತಾರೆ. ನಮ್ಮವರ ಹತ್ತಿರ "ಧನ್ಯವಾದ" ಅನ್ನಲು ಸಂಕೋಚ. ಹಾಗಾದರೆ ಸಾರು ಮಾಡಿದ ದಿನ ಕರೆದು ಬಡಿಸಿ. ನಮ್ಮಜ್ಜಿ ಅನ್ನುತ್ತಿದ್ದ "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುವುದಕ್ಕಿಂತ ದೊಡ್ಡ ಥ್ಯಾಂಕ್ಸ್ ನನಗಂತೂ ಗೊತ್ತಿಲ್ಲ.

ಆದರೆ ಪಟ್ಟಿ ಬರೆದರೆ ಎಲ್ಲ ಸರಿಹೋಗುತ್ತದೆ ಅಂತ ಕಾಯಬೇಡಿ. ಎರಡು ವಾರ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂದರೆ ಕ್ಯಾಂಪಸ್‌ನ ಕೌನ್ಸೆಲಿಂಗ್ ಸೆಂಟರ್‌ಗೆ ಹೋಗಿ. ಸಾಮಾನ್ಯವಾಗಿ ನೀವು ಕಟ್ಟಿದ ಫೀಸಿನಲ್ಲೇ ಅದು ಸೇರಿರುತ್ತದೆ. ಜೀವವೇ ಬೇಡ ಅನ್ನಿಸಿದರೆ ತಕ್ಷಣ 988 ಸಹಾಯವಾಣಿಗೆ ಫೋನ್ ಅಥವಾ ಮೆಸೇಜ್ ಮಾಡಿ, ಹಗಲಾಗಲಿ ರಾತ್ರಿಯಾಗಲಿ. ಓದಿನ ಹೊರೆ ತಡೆಯಲಾಗದಿದ್ದರೆ ನೀವಾಗಿಯೇ ಕೋರ್ಸ್ ಬಿಡಬೇಡಿ, ನಿಮ್ಮ ಎಫ್-1 (ವಿದ್ಯಾರ್ಥಿ) ವೀಸಾಕ್ಕೆ ತೊಂದರೆ. ಮೊದಲು ಕ್ಯಾಂಪಸ್‌ನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ. ಅನಾರೋಗ್ಯಕ್ಕಾಗಿ ಕೋರ್ಸ್ ಕಡಿಮೆ ಮಾಡಿಕೊಳ್ಳಲು ನಿಯಮದಲ್ಲೇ ಅವಕಾಶ ಇದೆ.

ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಇಲ್ಲಿನವರು ಕೃತಜ್ಞತೆ ಹೇಳುವ ಹಬ್ಬ. ಹಾಸ್ಟೆಲ್ ಖಾಲಿಯಾಗುತ್ತದೆ. ಯಾರಾದರೂ ಊಟಕ್ಕೆ ಕರೆದರೆ ಹಿಂಜರಿಯದೆ ಹೋಗಿ. ನಮ್ಮ ಮನೆಯಲ್ಲಿ ಅವತ್ತು ಬಿಸಿಬೇಳೆಬಾತ್.