ಕೆಂಪಿನ ಕೆಳಗಿನ ಬಿಳಿ: ಕಾವಿ ಚಿತ್ರದೊಂದಿಗೆ ನನ್ನ ಕೆಲಸ

ಕಾವಿ ಚಿತ್ರ ಕಲಿಯಬೇಕೆಂದು ಬರುವವರ ಮುಂದೆ ನಾನು ಮೊದಲ ದಿನ ಚಿತ್ರದ ಮಾತನ್ನೇ ಎತ್ತುವುದಿಲ್ಲ, ಸುಣ್ಣ ಕಲಸಲು ಹಚ್ಚುತ್ತೇನೆ. ಕೆಲವರ ಮುಖ ಬಾಡುತ್ತದೆ. ಅವರು ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳನ್ನು ನೋಡಿ, ಆ ಕೆಂಪು-ಬಿಳಿ ರೇಖೆಗಳಿಗೆ ಮನಸೋತು ಬಂದವರು. ಆ ಸೋಲು ನನಗೂ ಚೆನ್ನಾಗಿ ಗೊತ್ತು. ಆದರೆ ಅಲ್ಲಿನ ರೇಖೆ ಹುಟ್ಟಿದ್ದು ಸುಣ್ಣದ ಗಾರೆಯಿಂದ. ಗಾರೆ ಕೈಗೆ ಒಗ್ಗದೆ ಆ ರೇಖೆ ಯಾರಿಗೂ ಒಲಿಯುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ನಾನು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವ ಕಡೆಯಲ್ಲಿ ಇರುತ್ತೇನೆ. ಮಕ್ಕಳ ಪುಸ್ತಕಗಳಿಗೆ ಚಿತ್ರ, ಪುಸ್ತಕಗಳ ಮುಖಪುಟ, ಆಗಾಗ ಗೋಡೆ ಕೆಲಸ: ಇದು ನನ್ನ ಜೀವನೋಪಾಯ. ಕಾವಿ ನಮ್ಮ ಕರಾವಳಿಯ ಕಲೆ. ಗೋವಾದಿಂದ ಉತ್ತರ ಕನ್ನಡದವರೆಗೆ ಹಳೆಯ ದೇವಸ್ಥಾನಗಳಲ್ಲಿ, ಕೆಲವು ಹಳೆಯ ಮನೆಗಳಲ್ಲಿ ಅದು ಇನ್ನೂ ಉಳಿದಿದೆ. ಗೋಡೆಗೆ ಬಿಳಿ ಸುಣ್ಣದ ಗಾರೆ, ಅದು ಹಸಿಯಾಗಿರುವಾಗಲೇ ಮೇಲೆ ತೆಳ್ಳಗೆ ಕೆಂಪು. ಆಮೇಲೆ ಚೂಪಾದ ಕಬ್ಬಿಣದಿಂದ ಕೆಂಪನ್ನು ಗೀರಿ, ಕೆರೆದು, ಕೆಳಗಿನ ಬಿಳಿಯನ್ನು ಹೊರಗೆ ತರಬೇಕು. ಬಣ್ಣಗಳು ಎರಡೇ. ಘಟ್ಟದ ಮೇಲೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದಲ್ಲೂ ಕೆಂಪು ನೆಲ, ಬಿಳಿ ಗೆರೆ ಇವೆ. ಆದರೆ ಅಲ್ಲಿ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿಯನ್ನು ಕೆಂಪಿನ ಮೇಲೆ ಎಳೆಯುತ್ತಾರೆ. ಕಾವಿಯಲ್ಲಿ ಬಿಳಿಯನ್ನು ಯಾರೂ ಹಚ್ಚುವುದಿಲ್ಲ. ಅದು ಮೊದಲಿನಿಂದಲೂ ಕೆಳಗೆ ಇರುತ್ತದೆ.

ಇಷ್ಟನ್ನು ಅರ್ಥ ಮಾಡಿಕೊಂಡ ಮೇಲೆ ನನ್ನ ಇಡೀ ಕೆಲಸದ ದಾರಿ ಬದಲಾಯಿತು. ಪ್ರಕಾಶಕರು ‘ಕಾವಿ ಶೈಲಿಯಲ್ಲಿ ಒಂದು ಮುಖಪುಟ’ ಕೇಳುತ್ತಾರೆ. ಟ್ಯಾಬ್ಲೆಟ್ಟಿನಲ್ಲಿ ಕೆಂಪು ನೆಲದ ಮೇಲೆ ಬಿಳಿ ಗೆರೆ ಎಳೆದುಕೊಟ್ಟರೆ ಅವರಿಗೆ ಸಾಕು. ನನಗೆ ಸಾಲದು. ಗೀರಿದ ಗೆರೆಗೆ ಅಂಚು ಇರುತ್ತದೆ, ಆಳ ಇರುತ್ತದೆ, ಪಕ್ಕದಿಂದ ಬೆಳಕು ಬಿದ್ದಾಗ ಸಣ್ಣ ನೆರಳೂ ಇರುತ್ತದೆ. ಮರಳಿನ ಒಂದು ಕಣ ಕಿತ್ತು ಬಂದ ಕಡೆ ಗೆರೆ ಚೂರು ಅಗಲವಾಗುತ್ತದೆ. ಆದ್ದರಿಂದ ಮುಖಪುಟದ ಕೆಲಸವನ್ನೂ ನಾನು ಹಂಚಿನ ಮೇಲೆ ನಿಜವಾದ ಗಾರೆಯಲ್ಲಿ ಮಾಡಿ, ಅದರ ಛಾಯಾಚಿತ್ರ ತೆಗೆದು ಕಳಿಸುತ್ತೇನೆ. ಬಣ್ಣ ಬಳಿಯದ, ಸುಟ್ಟ ಮಣ್ಣಿನ ನೆಲಹಂಚು ಇದಕ್ಕೆ ಹೇಳಿ ಮಾಡಿಸಿದ್ದು. ಅದು ನೀರು ಕುಡಿಯುತ್ತದೆ, ಗಾರೆಯನ್ನು ಬಿಗಿಯಾಗಿ ಹಿಡಿಯುತ್ತದೆ.

ಈಗ ಸುಣ್ಣಕ್ಕೆ ಬರುತ್ತೇನೆ. ಕಾವಿಗೆ ಹಳಬರು ಬಳಸುತ್ತಿದ್ದದ್ದು ಚಿಪ್ಪಿನ ಸುಣ್ಣ. ಅಳಿವೆಯಲ್ಲಿ ಸಿಗುವ ಬಳಚಿನ ಚಿಪ್ಪನ್ನು ಗೂಡಿನಲ್ಲಿ ಸುಟ್ಟರೆ ಸುಡುಸುಣ್ಣ. ಅದಕ್ಕೆ ನೀರು ಹಾಕಿದ ಕೂಡಲೇ ಕೊತಕೊತ ಕುದಿಯುತ್ತದೆ. ಈ ಹಂತದಲ್ಲಿ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಯಾರೂ ಹತ್ತಿರ ಬರಬಾರದು. ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕುದಿ ಇಳಿದ ಮೇಲೆ ಸೋಸಿ, ನೀರಿನ ಕೆಳಗೆ ಮುಚ್ಚಿಟ್ಟರೆ ಸುಣ್ಣ ದಿನ ಕಳೆದಂತೆ ಬೆಣ್ಣೆಯಷ್ಟು ನುಣ್ಣಗಾಗುತ್ತದೆ. ಎಷ್ಟು ಹಳತಾದರೆ ಅಷ್ಟು ಒಳ್ಳೆಯದು. ನಾನು ಮಳೆಗಾಲದ ಮೊದಲು ತುಂಬಿಸಿಟ್ಟ ಡ್ರಮ್ಮನ್ನು ದೀಪಾವಳಿಯ ಹೊತ್ತಿಗೆ ತೆರೆಯುತ್ತೇನೆ.

ಈ ಸುಣ್ಣಕ್ಕೆ ಜರಡಿ ಹಿಡಿದ ಹೊಳೆ ಮರಳು ಮತ್ತು ಬೆಲ್ಲದ ನೀರು ಸೇರಿಸಿ, ಕೆಲವು ವಾರ ಕಳಿಯಲು ಬಿಟ್ಟು, ದಿನವೂ ಕುಟ್ಟಿ ಹದ ಮಾಡಬೇಕು. ಬೆಲ್ಲವನ್ನು ಸುಮ್ಮನೆ ಶಾಸ್ತ್ರಕ್ಕೆಂದು ಹಾಕುವುದಲ್ಲ. ಸಕ್ಕರೆಯ ಅಂಶ ಇದ್ದರೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆ, ಗಾರೆ ಗಡಿಬಿಡಿಯಲ್ಲಿ ಒಣಗುವುದಿಲ್ಲ, ಕರಣೆಯ ಕೆಳಗೆ ಸಲೀಸಾಗಿ ಜಾರುತ್ತದೆ. ಕುಟ್ಟುವ ಕೆಲಸವನ್ನು ಯಂತ್ರಕ್ಕೆ ಕೊಡಬಹುದಲ್ಲ ಎಂದು ಬಹಳ ಜನ ಕೇಳುತ್ತಾರೆ. ಕೊಡಬಹುದು. ನಾನು ಕೊಡುವುದಿಲ್ಲ. ಒನಕೆಯ ಸದ್ದು ಬದಲಾಗುವುದನ್ನು ಕೇಳಿಯೇ ಹದ ಬಂತೋ ಇಲ್ಲವೋ ಎಂದು ನನಗೆ ತಿಳಿಯುವುದು.

ಮರಳಿನ ವಿಷಯದಲ್ಲಿ ಕರಾವಳಿಯವರು ತುಂಬಾ ಎಚ್ಚರವಾಗಿರಬೇಕು. ಅಳಿವೆಯ ಸಮೀಪದ ಮರಳಿನಲ್ಲಿ ಉಪ್ಪು ಇರುತ್ತದೆ. ಗೋಡೆ ಒಣಗುವಾಗ ಆ ಉಪ್ಪು ಮೇಲಕ್ಕೆ ಬಂದು ಕೆಂಪಿನ ಮೇಲೆ ಬೂದಿ ಬಳಿದಂತೆ ಹರಡಿಕೊಳ್ಳುತ್ತದೆ, ಕ್ರಮೇಣ ಮೇಲ್ಪದರವನ್ನೇ ಎಬ್ಬಿಸುತ್ತದೆ. ಉಬ್ಬರದ ನೀರು ಮುಟ್ಟದಷ್ಟು ಮೇಲಿನ ಕಡೆಯ ಮರಳನ್ನು ತರಿಸಿ, ಅದನ್ನೂ ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತೇನೆ. ಗೋಡೆ ಚಿರೇಕಲ್ಲಿನದಾದರೆ ಹಿಂದಿನ ಸಂಜೆಯಿಂದಲೇ ನೀರು ಹಾಕಿ ತಣಿಸಬೇಕು. ಒಣ ಚಿರೇಕಲ್ಲು ಗಾರೆಯ ನೀರನ್ನೆಲ್ಲ ಎಳೆದುಕೊಂಡು ಬಿರುಕು ಬಿಡಿಸುತ್ತದೆ. ಸಿಮೆಂಟ್ ಗಿಲಾವು ಮಾಡಿದ ನುಣುಪು ಗೋಡೆಯ ಮೇಲೆ ಕಾವಿ ಬೇಕೆಂದು ಕೇಳುವ ಹೋಂಸ್ಟೇ ಮಾಲೀಕರಿಗೆ ನಾನು ಆಗುವುದಿಲ್ಲ ಎಂದೇ ಹೇಳುತ್ತೇನೆ. ಅದರ ಬದಲು ಹಂಚಿನ ಫಲಕಗಳನ್ನು ಮಾಡಿಕೊಡುತ್ತೇನೆ. ಅಕ್ರಿಲಿಕ್ ಬಣ್ಣದಲ್ಲಿ ಕೆಂಪು-ಬಿಳಿ ಬರೆದು ಅದನ್ನು ಕಾವಿ ಎಂದು ಮಾರುವುದು ಈಗ ಜೋರಾಗಿದೆ. ಅದು ನೋಡುಗರಿಗೂ ಈ ಕಲೆಗೂ ಮಾಡುವ ಅನ್ಯಾಯ. ಬೇರೆ ಹೆಸರಿನಲ್ಲಿ ಮಾರಲಿ, ನನ್ನ ತಕರಾರಿಲ್ಲ.

ಕೆಂಪು ಬರುವುದು ಮಣ್ಣಿನಿಂದ. ಹುರುಮಂಜಿಯನ್ನು ಅರೆದು, ನೀರಿನಲ್ಲಿ ಕದಡಿ, ದಪ್ಪ ಕಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಗೆಂಪನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳುತ್ತೇನೆ. ಅದನ್ನು ಸುಣ್ಣದೊಂದಿಗೆ ಬೆರೆಸಿ ತೆಳುವಾಗಿ ಹಚ್ಚುತ್ತೇನೆ. ಈ ಕೆಂಪು ಕಬ್ಬಿಣದ ಆಕ್ಸೈಡ್. ಗಿಡಮೂಲದ ಎಷ್ಟೋ ಬಣ್ಣಗಳನ್ನು ಸುಣ್ಣದ ಕ್ಷಾರ ತಿಂದುಹಾಕುತ್ತದೆ, ಕಬ್ಬಿಣದ ಕೆಂಪಿಗೆ ಮಾತ್ರ ಏನೂ ಆಗುವುದಿಲ್ಲ. ಹಸಿ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುವಾಗ ಈ ಕೆಂಪಿನ ಕಣಗಳನ್ನು ತನ್ನೊಳಗೇ ಕಟ್ಟಿಕೊಳ್ಳುತ್ತದೆ. ಹಳೆಯ ಗೋಡೆಗಳು ನಮ್ಮ ಸೀಮೆಯ ಮಳೆಯನ್ನು ಇಷ್ಟು ಕಾಲ ತಾಳಿಕೊಂಡಿದ್ದರ ಗುಟ್ಟು ಇಲ್ಲಿದೆ. ಇಟಲಿಯ ಹಳೆಯ ಮನೆಗಳ ಮುಂಗೋಡೆಗಳಲ್ಲಿ ಕಾಣುವ ಸ್ಗ್ರಾಫಿಟೊ, ಅಂದರೆ ಗಾರೆಯ ಮೇಲ್ಪದರ ಗೀರಿ ಕೆಳಗಿನ ಬಣ್ಣ ತೋರಿಸುವ ಕಲೆ ಕೂಡ ಇದೇ ತತ್ವದ ಮೇಲೆ ನಿಂತಿದೆ.

ಕೆಂಪು ಹಚ್ಚಿ, ಕರಣೆಯಿಂದ ನುಣುಪು ಮಾಡಿದ ಮೇಲೆ ಗಡಿಯಾರ ಓಡಲು ಶುರುವಾಗುತ್ತದೆ. ಗಾರೆ ತೀರ ಹಸಿಯಿದ್ದರೆ ಗೀರಿದ ಕಡೆ ಕೆಸರಿನಂತೆ ಮಡಚಿಕೊಳ್ಳುತ್ತದೆ, ಒಣಗಿದರೆ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ನಡುವಿನ ಹೊತ್ತು ಮಾತ್ರ ನಮ್ಮದು. ಫೆಬ್ರವರಿಯ ಒಣಗಾಳಿಯಲ್ಲಿ ಅದು ಕೆಲವೇ ಗಂಟೆ. ಅಕ್ಟೋಬರಿನ ತೇವದಲ್ಲಿ ಹೆಚ್ಚುಕಡಿಮೆ ಇಡೀ ದಿನ ಸಿಗುತ್ತದೆ. ಒಂದು ದಿನಕ್ಕೆ ಮುಗಿಸಬಹುದಾದಷ್ಟು ಗೋಡೆಗೆ ಮಾತ್ರ ಗಾರೆ ಹಾಕುತ್ತೇನೆ, ಎರಡು ದಿನಗಳ ಕೆಲಸ ಸೇರುವ ಜಾಗವನ್ನು ಬಳ್ಳಿಯಲ್ಲೋ ಕಂಬದಲ್ಲೋ ಅಡಗಿಸುತ್ತೇನೆ. ಚಿತ್ರ ಮೊದಲೇ ಕಾಗದದ ಮೇಲೆ ಪೂರ್ತಿ ಸಿದ್ಧವಾಗಿರುತ್ತದೆ. ಗೆರೆಗಳುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯ ಗಂಟಿನಲ್ಲಿ ಇದ್ದಿಲ ಪುಡಿ ಕಟ್ಟಿ ತಟ್ಟಿದರೆ ಗೋಡೆಯ ಮೇಲೆ ಚುಕ್ಕೆಗಳ ಜಾಡು ಬೀಳುತ್ತದೆ. ವೃತ್ತಗಳಿಗೆ ಎರಡೂ ಕಾಲು ಚೂಪಾಗಿರುವ ಕೈವಾರ. ಗೀರಲು ನನಗೆ ಹಿಡಿಸಿದ್ದು ಮುರಿದ ಕೊಡೆಯ ಕಡ್ಡಿ. ಅದನ್ನು ಕಲ್ಲಿಗೆ ಮಸೆದು ಬೇರೆ ಬೇರೆ ಅಗಲದ ತುದಿ ಮಾಡಿಕೊಂಡಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಮುರಿದ ಕೊಡೆಗಳಿಗೇನೂ ಬರವಿಲ್ಲ. ಅಗಲವಾದ ಬಿಳಿ ತೆರೆಯಲು ಹ್ಯಾಕ್ಸಾ ಬ್ಲೇಡಿನ ತುಂಡು ಸಾಕು. ಮುಗಿದ ಮೇಲೆ ನಯವಾದ ಹೊಳೆಗಲ್ಲಿನಿಂದ ಕೆಂಪನ್ನು ಉಜ್ಜಿ ಹೊಳಪು ತರುವುದು, ಆಮೇಲೆ ಸುಮಾರು ಒಂದು ವಾರ ನೀರು ಚಿಮುಕಿಸುತ್ತ ಗೋಡೆಯನ್ನು ತೇವವಾಗಿಡುವುದು.

ಈ ಕೆಲಸದಲ್ಲಿ ನನಗೆ ಹೆಚ್ಚು ಸಂತೋಷ ಕೊಡುವುದು ಎರಡೇ ಬಣ್ಣದಲ್ಲಿ ಯೋಚಿಸುವುದು. ಅಘನಾಶಿನಿ ಕಣಿವೆಯ ಸಿಂಗಳೀಕವನ್ನು ತೆಗೆದುಕೊಳ್ಳಿ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೆಳ್ಳಿಯ ಕೇಸರ. ಕಾಗದದ ಮೇಲೆ ನಾನು ಕೇಸರವನ್ನು ಕೊನೆಯಲ್ಲಿ ಬರೆಯುತ್ತಿದ್ದೆ. ಗೋಡೆಯ ಮೇಲೆ ಅದೇ ಮೊದಲು ಬರಬೇಕು, ಏಕೆಂದರೆ ಮೈಯ ಕೆಂಪು ಆಗಲೇ ಅಲ್ಲಿದೆ, ಅದನ್ನು ಮುಟ್ಟದೆ ಬಿಟ್ಟರೆ ಸಾಕು. ಕೇಸರದ ಒಂದೊಂದು ಕೂದಲನ್ನೂ ಮುಖದಿಂದ ಹೊರಕ್ಕೆ ಗೀರುತ್ತ ಹೋದಂತೆ ನಡುವೆ ಉಳಿದ ಕೆಂಪು ತಾನಾಗಿ ಮುಖವಾಗುತ್ತದೆ. ಕಣ್ಣಿಗೆ ಎರಡು ಚುಕ್ಕೆ ಬಿಳಿ. ಅದಕ್ಕಿಂತ ಹೆಚ್ಚು ಗೀರಿದರೆ ಪ್ರಾಣಿ ಸತ್ತುಹೋಗುತ್ತದೆ. ಹಾಗೆಯೇ ಬಡಗುತಿಟ್ಟಿನ ಯಕ್ಷಗಾನದ ವೇಷ. ಮುಂಡಾಸಿನ ಜರಿಪಟ್ಟಿಗಳು, ಚೌಕುಳಿ ಸೀರೆಯ ಕಚ್ಚೆ, ಎಲ್ಲವೂ ಪಟ್ಟಿ ಮತ್ತು ಚೌಕಗಳೇ ಆದ್ದರಿಂದ ಕಾವಿಗೆಂದೇ ಹುಟ್ಟಿದಂತಿವೆ. ಬಳಚು ಆಯುವ ಹೆಂಗಸರನ್ನು ಬರೆಯುವುದು ಇವೆಲ್ಲಕ್ಕಿಂತ ಕಷ್ಟ. ಸೊಂಟದ ಮಟ್ಟದ ನೀರು ಕೆಂಪಾಗಿರಬೇಕೋ ಬಿಳಿಯಾಗಿರಬೇಕೋ ಎಂಬುದನ್ನು ಪ್ರತಿ ಸಲವೂ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ. ದೇವರ ಚಿತ್ರಗಳನ್ನು ನಾನು ನಕಲು ಮಾಡುವುದಿಲ್ಲ. ಅವನ್ನು ಬರೆದವರು ತಮ್ಮ ಸುತ್ತಲಿನ ಉಡುಗೆ, ತೊಡುಗೆ, ಗಿಡ, ಪ್ರಾಣಿಗಳನ್ನು ಧೈರ್ಯವಾಗಿ ಪುರಾಣದೊಳಗೆ ತಂದರು. ನಾನು ಅವರಿಂದ ಕಲಿತದ್ದು ಆ ಧೈರ್ಯವನ್ನು.

ಹಳೆಯ ಗೋಡೆಗಳನ್ನು ಓದಲು ನನಗೆ ನೆರವಾದದ್ದು ಕ್ಯಾಮೆರಾ. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು (1934–2002) ವಿಜ್ಞಾನಿ, ಲೇಖಕ, ಛಾಯಾಗ್ರಾಹಕ, ರೇಖಾಚಿತ್ರಕಾರ ಎಲ್ಲವೂ ಆಗಿದ್ದರು. ಕಾವಿ ಕಲೆಯ ಬಗ್ಗೆ ಬಹಳ ಜನ ತಲೆ ಕೆಡಿಸಿಕೊಳ್ಳದ ಕಾಲದಲ್ಲಿ ಅವರು ಅದನ್ನು ಹುಡುಕಿಕೊಂಡು ಹೋಗಿ ದಾಖಲಿಸಿದರು. ಅವರ ದಾಖಲೆಗಳಿಂದ ನಾನು ಪಡೆದದ್ದು ಒಂದು ಅಭ್ಯಾಸ: ನೋಡಿದ್ದನ್ನು ಛಾಯಾಚಿತ್ರ ತೆಗೆದ ಮೇಲೂ ಕೈಯಲ್ಲಿ ಬರೆದುಕೊಳ್ಳಬೇಕು. ಛಾಯಾಚಿತ್ರಕ್ಕೆ ನನ್ನ ಕ್ರಮ ಸರಳ. ಮೊದಲು ಆಡಳಿತ ಮಂಡಳಿಯ ಒಪ್ಪಿಗೆ. ನಂತರ ಫ್ಲ್ಯಾಶ್ ಇಲ್ಲದೆ, ಟ್ರೈಪಾಡ್ ಹೂಡಿ, ಗೋಡೆಗೆ ನೇರವಾಗಿ ಒಂದು ಚಿತ್ರ. ಆಮೇಲೆ ಒಂದು ಸಣ್ಣ ದೀಪವನ್ನು ಗೋಡೆಗೆ ತಾಗಿದಂತೆ ಪಕ್ಕದಿಂದ ಹಿಡಿದು ಇನ್ನೊಂದು. ಈ ಓರೆ ಬೆಳಕಿನಲ್ಲಿ ಬಣ್ಣ ಮಾಸಿದ ಕಡೆಯೂ ಗೀರು ಎದ್ದು ಕಾಣುತ್ತದೆ, ಕೈವಾರದ ಮೊನೆ ಊರಿದ ಕುಳಿ ಸಹ ಸಿಗುತ್ತದೆ. ಕಲಾವಿದ ಎಲ್ಲಿಂದ ಶುರು ಮಾಡಿದ, ಯಾವ ಕಡೆ ಕೈ ತಿರುಗಿಸಿದ ಎಂಬುದು ಆ ಗೀರುಗಳಲ್ಲೇ ಬರೆದಿದೆ.

ಮಳೆಗಾಲದಲ್ಲಿ ಗೋಡೆ ಕೆಲಸ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ಬೂಸಲು ಹಿಡಿಯುತ್ತದೆ, ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಆಗ ಪುಸ್ತಕಗಳ ಕೆಲಸ. ಹಣದ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮಲ್ಲಿ ಕಲಾವಿದರು ಇದನ್ನು ಮಾತಾಡಲು ನಾಚುತ್ತಾರೆ. ಒಂದು ಪ್ರಕಾಶನ ನನ್ನ ಒಂದು ಚಿತ್ರವನ್ನು ಕೇಳದೆಯೇ ಕ್ಯಾಲೆಂಡರಿಗೆ ಬಳಸಿಕೊಂಡಿತ್ತು. ಅಂದಿನಿಂದ ಕರಾರಿಲ್ಲದೆ ನಾನು ಪೆನ್ಸಿಲ್ ಹಿಡಿಯುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೂ ತೆಗೆಸಿದ ಛಾಯಾಚಿತ್ರಕ್ಕೂ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರು. ಹಕ್ಕನ್ನು ವರ್ಗಾಯಿಸುವಾಗ ಅವಧಿ ಬರೆಯದಿದ್ದರೆ 5 ವರ್ಷ ಎಂದು 19ನೇ ಸೆಕ್ಷನ್ ಹೇಳುತ್ತದೆ. ಹೀಗಾಗಿ ಯಾವ ಪುಸ್ತಕಕ್ಕೆ, ಎಷ್ಟು ಕಾಲಕ್ಕೆ, ಯಾವ ಬಳಕೆಗೆ ಎಂದು ಒಂದು ಪುಟದಲ್ಲಿ ಬರೆದು ಸಹಿ ಮಾಡಿಸಿಕೊಳ್ಳುತ್ತೇನೆ. ಒಳ್ಳೆಯ ಪ್ರಕಾಶಕರು ಇದಕ್ಕೆ ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ.

ಇನ್ನು ಒಂದು ಕೋರಿಕೆ. ಕಾವಿ ಇದ್ದ ಎಷ್ಟೋ ಗೋಡೆಗಳು ಜೀರ್ಣೋದ್ಧಾರದ ಹೆಸರಿನಲ್ಲಿ ಟೈಲ್ಸ್ ಮತ್ತು ಆಯಿಲ್ ಪೇಂಟ್‌ನ ಕೆಳಗೆ ಹೋಗಿವೆ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ದೇವಸ್ಥಾನ ಚೊಕ್ಕಟವಾಗಿ ಕಾಣಲಿ ಎಂಬ ಆಸೆ ಅಷ್ಟೆ. ನಿಮ್ಮ ಊರಿನಲ್ಲಿ, ನಿಮ್ಮ ಮನೆತನದ ಹಳೆಯ ಮನೆಯಲ್ಲಿ ಅಂತಹ ಗೋಡೆಯಿದ್ದರೆ ಅದರ ಮೇಲೆ ಸಿಮೆಂಟನ್ನೂ ಪ್ಲಾಸ್ಟಿಕ್ ಬಣ್ಣವನ್ನೂ ಹಾಕಬೇಡಿ. ಗೋಡೆಯೊಳಗಿನ ತೇವ ಹೊರಬರಲು ದಾರಿಯಿಲ್ಲದೆ ಗಾರೆಯನ್ನೇ ಒಡೆದುಕೊಂಡು ಬರುತ್ತದೆ. ಮೇಲೆ ಬರಿಯ ಸುಣ್ಣ ಬಳಿದಿದ್ದರೆ ಆಸೆ ಬಿಡಬೇಕಿಲ್ಲ, ಬಲ್ಲವರು ಪದರ ಪದರವಾಗಿ ಅದನ್ನು ಬಿಡಿಸಬಲ್ಲರು. ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬಿಸಿ. ಮಾಡಿನಿಂದ ನೀರು ಸೋರುತ್ತಿದ್ದರೆ ಚಿತ್ರಕ್ಕಿಂತ ಮೊದಲು ಹಂಚನ್ನು ಸರಿಪಡಿಸಿ. ಏನೂ ಮಾಡಲಾಗದಿದ್ದರೆ ಸಂಜೆ ಒಂದು ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ಮೊಬೈಲಿನಲ್ಲಾದರೂ ಮೂಲೆಯಿಂದ ಮೂಲೆಗೆ ಚಿತ್ರ ತೆಗೆದಿಡಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇರಲಿ.