ಫ್ಲೈಟ್ ಹತ್ತೋ ಮುಂಚೆ ಒಂದು ಸ್ಮಾಲ್: ಮಲೆನಾಡಿನಿಂದ ಹೊರಟವರಿಗೆ

ಸಾಗರ, ತೀರ್ಥಹಳ್ಳಿ ಕಡೆಯಿಂದ ಬೆಂಗಳೂರು ಏರ್‌ಪೋರ್ಟ್ ಮುಟ್ಟುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಸೆಕ್ಯುರಿಟಿ ದಾಟಿ ಬಾರಲ್ಲಿ ಕೂರುವ ಮುಂಚೆ ಗಡಿಯಾರ ನೋಡಿ. ಗೇಟ್ ಸಾಮಾನ್ಯವಾಗಿ 25 ನಿಮಿಷ ಮೊದಲೇ ಮುಚ್ಚುತ್ತದೆ. ಫ್ಲೈಟ್ 8ಕ್ಕಿದ್ದರೆ 7:10ಕ್ಕೆ ಬಾರಿನಿಂದ ಎದ್ದಿರಬೇಕು, 6:30ಕ್ಕೇ ಕೂತಿರಬೇಕು. 6:50 ಆಗಿಹೋಗಿದ್ದರೆ ಬಿಟ್ಟುಬಿಡಿ. ಮೈಕಲ್ಲಿ ಕೂಗುತ್ತಾರೆ ಅಂತ ಕಾಯಬೇಡಿ, ಎಷ್ಟೋ ಕಡೆ ಈಗ ಕೂಗುವುದೇ ಇಲ್ಲ.

2023ರಲ್ಲಿ ಶುರುವಾದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬಂದು ಬೆಂಗಳೂರಲ್ಲಿ ಬೇರೆ ಟಿಕೆಟ್‌ನ ಫ್ಲೈಟ್ ಹಿಡಿಯುವವರು ಬ್ಯಾಗ್ ತಗೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಮೊದಲ ಫ್ಲೈಟೇ ತಡವಾಗುತ್ತದೆ. ಬ್ಯಾಗ್ ಒಳಗೆ ಹೋಗುವವರೆಗೂ ಬಾರಿನ ಯೋಚನೆ ಬೇಡ.

ಖಾಲಿ ಹೊಟ್ಟೆಯಲ್ಲಿ ಕುಡಿದರೆ ಬೇಗ ಏರುತ್ತದೆ. ಮೊದಲು ಊಟ. ಮನೆಯ ಕಡುಬು ಡಬ್ಬಿಯಲ್ಲಿ ಸೆಕ್ಯುರಿಟಿ ದಾಟುತ್ತದೆ. ನೀರು ಚಟ್ನಿ, ಎಣ್ಣೆ ತೇಲುವ ಉಪ್ಪಿನಕಾಯಿ ಟ್ರೇಯಲ್ಲೇ ಸಿಕ್ಕಿಬೀಳಬಹುದು.

ಈಗ ಅಳತೆ. 42.8% ವಿಸ್ಕಿಯ 30 ಎಂಎಲ್‌ನಲ್ಲಿ, ಅಂದರೆ ಒಂದು ಸ್ಮಾಲ್‌ನಲ್ಲಿ, ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದನ್ನು ಕರಗಿಸಲು ದೇಹಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು. 5% ಬಿಯರ್‌ನ 330 ಎಂಎಲ್ ಪಿಂಟ್ 13 ಗ್ರಾಂ. 8% ಸ್ಟ್ರಾಂಗ್ ಆದರೆ 21, ಅಂದರೆ ಎರಡು ಸ್ಮಾಲ್. ಊರಲ್ಲಿ ಹೇಳುವ ಹಾಗೆ ‘ನೈಂಟಿ’ ಹೇಳಿದರೆ 30 ಗ್ರಾಂ, ಮೂರು ಗಂಟೆಗೂ ಇಳಿಯುವುದಿಲ್ಲ. ಆರ್ಡರ್ ಕೊಡುವಾಗಲೇ ‘ಮೂವತ್ತು ಎಂಎಲ್, ನೀರಿನ ಜೊತೆ’ ಅಂತ ಬಿಡಿಸಿ ಹೇಳಿ. ಸುಮ್ಮನೆ ‘ಪೆಗ್’ ಅಂದರೆ ಅರವತ್ತು ಬರಬಹುದು. ಗ್ಲಾಸ್ ಬಂದ ಕೂಡಲೇ ಬಿಲ್ ಕಟ್ಟಿಬಿಡಿ, ಕೊನೆ ಗಳಿಗೆಯಲ್ಲಿ ಕಾರ್ಡ್ ಮಷಿನ್‌ಗೆ ಕಾಯುವುದು ತಪ್ಪುತ್ತದೆ. ಕುಡಿದದ್ದು ಪೂರ್ತಿ ಏರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ‘ಏನೂ ಆಗಲಿಲ್ಲ’ ಅಂತ ಎರಡನೆಯದು ಹೇಳಿದವರಿಗೆ ಎರಡೂ ಸೇರಿ ಆಕಾಶದಲ್ಲಿ ಏರುತ್ತವೆ.

ಸೋಡಾ, ಬಿಯರ್ ಬೇಡ ಅನ್ನಲು ಕಾರಣವೂ ಇದೆ. ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ದೊಡ್ಡ ವಿಮಾನದ ಒಳಗಿನ ಗಾಳಿಯ ಒತ್ತಡ ಅದಕ್ಕಿಂತಲೂ ಮೇಲೆ, 8,000 ಅಡಿಯಲ್ಲಿ ಇರುವಷ್ಟಕ್ಕೆ ಇಳಿಯಬಹುದು. ಹೊಟ್ಟೆಯಲ್ಲಿರುವ ಗ್ಯಾಸ್ ಹಿಗ್ಗುತ್ತದೆ. ಹೊಟ್ಟೆ ಉಬ್ಬರಿಸಿ ಮೂತ್ರಕ್ಕೂ ಅವಸರವಾದಾಗ ಸೀಟ್ ಬೆಲ್ಟ್ ದೀಪ ಉರಿಯುತ್ತಿದ್ದರೆ ಎದ್ದು ಹೋಗುವ ಹಾಗಿಲ್ಲ.

ಕೊಪ್ಪ, ಶೃಂಗೇರಿ ಕಡೆಯ ತಿರುವುಗಳಿಗೆ ಹೆದರಿ ವಾಂತಿ ಮಾತ್ರೆ ನುಂಗಿ ಬಂದಿದ್ದರೆ ಆ ದಿನ ಒಂದು ಹನಿಯೂ ಬೇಡ. ಅವೋಮಿನ್‌ನಂಥ ಮಾತ್ರೆಯ ಮಂಪರು ಗಂಟೆಗಟ್ಟಲೆ ಇರುತ್ತದೆ, ಮದ್ಯ ಸೇರಿದರೆ ಇಮ್ಮಡಿ.

ತೂರಾಡುವವರನ್ನು ಗೇಟಲ್ಲೇ ನಿಲ್ಲಿಸುವ ಅಧಿಕಾರ ಸಿಬ್ಬಂದಿಗೆ ಇದೆ. ಸ್ವಂತ ಬಾಟಲಿಯನ್ನು ವಿಮಾನದೊಳಗೆ ತೆರೆಯುವಂತಿಲ್ಲ.

ವಾಪಸ್ ಸೋಗಾನೆಗೆ ಹೊರಟಿದ್ದು, ಅಲ್ಲಿ ನಿಮ್ಮದೇ ಕಾರು ನಿಂತಿದೆಯೇ? ಡ್ರೈವರ್‌ಗೆ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಫ್ಲೈಟ್ ಇಳಿಯುವ ಹೊತ್ತಿಗೆ ಕುಡಿದದ್ದು ಇನ್ನೂ ಮೈಯಲ್ಲೇ ಇರುತ್ತದೆ. ಗಾಡಿ ಓಡಿಸಲು ಮನೆಯಿಂದ ಯಾರು ಬರುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಂಡೇ ಆರ್ಡರ್ ಹೇಳಿ.