ಎಂಫಿಸೀಮಾ: ಎದೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಅಳೆಯುವುದು, ಇಳಿಸುವುದು

19 ವರ್ಷದಿಂದ ನಾನು ಪಿಎಫ್‌ಟಿ, ಅಂದರೆ ಶ್ವಾಸಕೋಶದ ಕೆಲಸ ಅಳೆಯುವ ಪರೀಕ್ಷೆಯ ಕೋಣೆಯಲ್ಲಿ ಟೆಕ್ನಿಷಿಯನ್. ಎಂಫಿಸೀಮಾ ಎಂಬ ಶ್ವಾಸಕೋಶದ ರೋಗ ಇರುವವರು ಬಂದು ಕುರ್ಚಿಯ ಬೆನ್ನು ಹಿಡಿದು ನಿಂತು ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಉಸಿರು ಎಳ್ಕೊಳ್ಳೋಕೇ ಆಗ್ತಿಲ್ಲ ಮೇಡಂ." ಅವರ ಎದೆಯಲ್ಲಿ ಗಾಳಿ ಕಮ್ಮಿಯಿರುವುದಿಲ್ಲ, ಜಾಸ್ತಿಯಾಗಿರುತ್ತದೆ. ಬೀಡಿ ಸಿಗರೇಟಿನ ಹೊಗೆಯೋ, ವರ್ಷಗಟ್ಟಲೆ ಸೌದೆ ಒಲೆ ಊದಿದ ಹೊಗೆಯೋ ಗಾಳಿಗೂಡುಗಳ ಗೋಡೆಯನ್ನು ತಿಂದಿರುತ್ತದೆ. (ಬೀಡಿ ಮುಟ್ಟದ ಅಜ್ಜಿಯರನ್ನೂ ದಯವಿಟ್ಟು ಈ ಪರೀಕ್ಷೆಗೆ ಕರೆತನ್ನಿ.) ಶ್ವಾಸಕೋಶಕ್ಕೆ ಕುಗ್ಗುವ ಬಿಗಿ ಹೋಗಿ ಹಳೆ ಗಾಳಿ ಒಳಗೇ ಉಳಿಯುತ್ತದೆ. ಎದೆಯ ಕೆಳಗೆ ಕಮಾನಿನಂತಿರಬೇಕಾದ ಉಸಿರಾಟದ ಸ್ನಾಯು, ವಪೆ, ಚಪ್ಪಟೆಯಾಗುತ್ತದೆ, ಹೊಸ ಉಸಿರಿಗೆ ಜಾಗ ಸಿಗುವುದಿಲ್ಲ.

ಹಾಗಾಗಿ ಡಾಕ್ಟರರನ್ನು ಕೇಳಬೇಕಾದ ಅಂಕಿ ಆರ್‌ವಿ, ಅಂದರೆ ಪೂರ್ತಿ ಊದಿದ ಮೇಲೂ ಒಳಗೆ ಉಳಿಯುವ ಗಾಳಿ. ಮಾಮೂಲಿ ಊದುವ ಪರೀಕ್ಷೆ, ಸ್ಪೈರೋಮೆಟ್ರಿ, ಹೊರಗೆ ಬಂದದ್ದನ್ನಷ್ಟೇ ಅಳೆಯುತ್ತದೆ. ಆರ್‌ವಿ ಬೇಕೆಂದರೆ ಗಾಜಿನ ಪೆಟ್ಟಿಗೆಯೊಳಗೆ ಕೂರಬೇಕು. ಅದಕ್ಕೆ ನಾವು ಬಾಡಿ ಬಾಕ್ಸ್ ಅನ್ನುತ್ತೇವೆ.

ಬರುವ ದಿನ ಹೊಟ್ಟೆ ಬಿರಿಯುವಷ್ಟು ಊಟ ಬೇಡ, ಬಿಗಿ ಬಟ್ಟೆ ಬೇಡ. ಹಲ್ಲಿನ ಸೆಟ್ ಸಡಿಲವಿಲ್ಲದಿದ್ದರೆ ಹಾಕಿಕೊಂಡೇ ಬನ್ನಿ, ತುಟಿ ಕೊಳವೆಗೆ ಚೆನ್ನಾಗಿ ಕೂರುತ್ತದೆ. ಇನ್‌ಹೇಲರ್ ಎಷ್ಟು ಹೊತ್ತು ನಿಲ್ಲಿಸಬೇಕೆಂದು ಡಾಕ್ಟರರನ್ನೇ ಕೇಳಿ. ನಡುವೆ ದಮ್ಮು ಹತ್ತಿದರೆ ಎಳೆದುಕೊಳ್ಳಿ, ಎಷ್ಟು ಗಂಟೆಗೆ ಅಂತ ನಮಗೆ ಹೇಳಿದರೆ ಸಾಕು. ಇತ್ತೀಚೆಗೆ ಹೃದಯಾಘಾತ, ಕಣ್ಣಿನ ಆಪರೇಷನ್ ಆಗಿದ್ದರೆ ಮುಚ್ಚಿಡಬೇಡಿ.

ಪೆಟ್ಟಿಗೆಯ ಬಾಗಿಲು ಹಾಕಿದಾಗ ಕೆಲವರಿಗೆ ಗಾಬರಿ. ಒಳಗಿನಿಂದಲೇ ಬಾಗಿಲು ತೆಗೆದು ತೋರಿಸಿ ಆಮೇಲೆ ಶುರು ಮಾಡುತ್ತೇನೆ. ಮೂಗಿಗೆ ಕ್ಲಿಪ್, ಬಾಯಿಗೆ ಕೊಳವೆ, ಎರಡೂ ಅಂಗೈ ಕೆನ್ನೆಯ ಮೇಲೆ. ಸಲೀಸಾಗಿ ಉಸಿರಾಡುತ್ತಿರುವಾಗ ಕೊಳವೆಯ ಬಾಯಿ ಎರಡು ಮೂರು ಸೆಕೆಂಡು ಮುಚ್ಚಿಕೊಳ್ಳುತ್ತದೆ. ಆಗ ಹೆದರಿ ಬಾಯಿ ತೆಗೆಯದೆ, ಮೆತ್ತಗೆ, ಸೆಕೆಂಡಿಗೊಂದರಂತೆ ಉಸಿರಾಡಲು ನೋಡಬೇಕು. ಎದೆ ಹಿಗ್ಗಿದಾಗ ಪೆಟ್ಟಿಗೆಯ ಒತ್ತಡ ಏರುತ್ತದೆ, ಬಾಯಿಯ ಒತ್ತಡ ಇಳಿಯುತ್ತದೆ. ಶಾಲೆಯಲ್ಲಿ ಓದಿದ ಬಾಯ್ಲನ ನಿಯಮದಿಂದ ಎದೆಯೊಳಗಿನ ಗಾಳಿಯ ಲೆಕ್ಕ ಸಿಗುತ್ತದೆ. ಕೆನ್ನೆ ಉಬ್ಬಿದರೆ ಆ ಲೆಕ್ಕ ಕೆಡುತ್ತದೆ, ಅದಕ್ಕೇ ಕೈ ಒತ್ತಿ ಹಿಡಿಯುವುದು. ಕೊನೆಗೆ ಪೂರ್ತಿ ಎಳೆದು ಪೂರ್ತಿ ಬಿಡಬೇಕು. ಮೂರು ಅಳತೆ ಒಂದಕ್ಕೊಂದು ಹತ್ತಿರ ಬರುವವರೆಗೆ, ನಡುನಡುವೆ ಸುಧಾರಿಸಿಕೊಂಡು, ಮತ್ತೆ ಮಾಡಿಸುತ್ತೇನೆ.

ಆದರೆ ಹೀಲಿಯಂ ಬೆರೆಸಿದ ಗಾಳಿ ಉಸಿರಾಡಿಸಿ ಎದೆಯ ಗಾತ್ರ ಲೆಕ್ಕ ಹಾಕುವ ಹೀಲಿಯಂ ವಿಧಾನವನ್ನು ನಂಬಬೇಡಿ. ನಾನು ಹೊಸಬಳಿದ್ದಾಗ ಬಾಕ್ಸ್ ಇರಲಿಲ್ಲ. ಒಬ್ಬ ತಾತನಿಗೆ ಹೀಲಿಯಂನಲ್ಲಿ ಒಟ್ಟು ಗಾತ್ರ 6.4 ಲೀಟರ್ ಬಂತು, ಮಾಮೂಲಿಗಿಂತ ಒಂಚೂರು ಜಾಸ್ತಿ ಅಷ್ಟೇ ಅಂದುಕೊಂಡು ರಿಪೋರ್ಟ್ ಕೊಟ್ಟೆ. ಆಮೇಲೆ ಬೇರೆ ಊರಿನ ಬಾಕ್ಸ್‌ನಲ್ಲಿ ಅದೇ ಎದೆ 7.8 ತೋರಿಸಿತು. ಅದರಲ್ಲಿ ಆರ್‌ವಿ 5 ಲೀಟರ್, ಇರಬೇಕಾದದ್ದು 2.3, ಅಂದರೆ 217 ಶೇಕಡಾ. ದಾರಿ ಮುಚ್ಚಿದ ಗುಳ್ಳೆಗಳೊಳಗೆ ಹೀಲಿಯಂ ಹೋಗಿಯೇ ಇರಲಿಲ್ಲ. ಆ ತಾತನನ್ನು ನಾನು ಮರೆತಿಲ್ಲ.

ಇನ್ನು ಇಳಿಸುವ ವಿಷಯ. ಹೊಗೆಯಿಂದ ದೂರವಾಗುವುದು ಮೊದಲು. ಆಮೇಲೆ ಇನ್‌ಹೇಲರ್: ದಾರಿ ಸಡಿಲವಾದರೆ ಸಿಕ್ಕಿಕೊಂಡ ಗಾಳಿ ಒಂದಷ್ಟು ಹೊರಬರುತ್ತದೆ. ಆದರೆ ಎಳೆಯುವ ಕ್ರಮ ತಪ್ಪಿದ್ದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ, ನಮ್ಮೆದುರು ಒಮ್ಮೆ ಎಳೆದು ತೋರಿಸಿ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಮೂಗಿನಿಂದ ಎಳೆದು, ಬಿಸಿ ಕಾಫಿ ಆರಿಸುವಂತೆ ತುಟಿ ಕಿರಿದು ಮಾಡಿ, ಎಳೆದದ್ದರ ಎರಡರಷ್ಟು ಹೊತ್ತು ಬಿಡಿ. ಅವಸರದ ಉಸಿರಿನಲ್ಲಿ ಹಳೆ ಗಾಳಿಯ ಮೇಲೆ ಹೊಸದು ಪೇರುತ್ತಾ ಹೋಗುತ್ತದೆ, ಇದು ಅದನ್ನು ತಡೆಯುತ್ತದೆ. ಫಿಸಿಯೋಥೆರಪಿಸ್ಟ್ ಜೊತೆ ಕೆಲವು ವಾರಗಳ ಪಲ್ಮನರಿ ರಿಹ್ಯಾಬ್ (ವ್ಯಾಯಾಮ, ಉಸಿರಾಟದ ತರಬೇತಿ) ಮಾಡದೆ ಮುಂದಿನ ಹೆಜ್ಜೆ ಬೇಡ.

ಇಷ್ಟಾದರೂ ಆರ್‌ವಿ 175 ಶೇಕಡಾಕ್ಕಿಂತ ಮೇಲಿದ್ದರೆ ವಾಲ್ವ್ ಬಗ್ಗೆ ಕೇಳಬಹುದು. ಬ್ರಾಂಕೋಸ್ಕೋಪಿಯಲ್ಲಿ, ಅಂದರೆ ಶ್ವಾಸನಾಳದೊಳಗೆ ಸಣ್ಣ ಕೊಳವೆ ಇಳಿಸಿ, ಕೆಟ್ಟ ಹಾಲೆಯ (ಶ್ವಾಸಕೋಶದ ಒಂದು ಭಾಗ) ದಾರಿಗಳಲ್ಲಿ ಗಾಳಿ ಹೊರಗಷ್ಟೇ ಹೋಗುವ ವಾಲ್ವ್ ಕೂರಿಸುತ್ತಾರೆ, ಆ ಹಾಲೆ ಮುದುಡಿ ಉಳಿದವಕ್ಕೆ ಜಾಗ ಬಿಡುತ್ತದೆ. ಜೆಫಿರ್ ವಾಲ್ವ್‌ಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಹಾಲೆಗಳನ್ನು ಬೇರ್ಪಡಿಸುವ ಗಡಿ ಸಿಟಿ ಸ್ಕ್ಯಾನ್‌ನಲ್ಲಿ ಪೂರ್ತಿ ಕಾಣಬೇಕು, ಇಲ್ಲದಿದ್ದರೆ ಪಕ್ಕದ ಹಾಲೆಯಿಂದ ಗಾಳಿ ನುಗ್ಗಿ ಕೆಲಸ ವ್ಯರ್ಥ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಎದೆಯೊಳಗೆ ಗಾಳಿ ಸೋರುವುದು) ಆಗುತ್ತದೆ, ಹೆಚ್ಚಿನವು ಮೊದಲ ಕೆಲವೇ ದಿನಗಳಲ್ಲಿ. ಆದ್ದರಿಂದ ಮೂರು ರಾತ್ರಿಯಾದರೂ ಆಸ್ಪತ್ರೆಯಲ್ಲೇ ಇರಿ. ಮನೆಗೆ ಬಂದ ಮೇಲೆ ಎದೆ ಚುಚ್ಚಿ ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಕೆಟ್ಟ ಭಾಗವನ್ನು ಕತ್ತರಿಸುವ ಆಪರೇಷನ್ ಎಲ್ಲರಿಗಲ್ಲ. 1218 ಮಂದಿಯನ್ನು ನೋಡಿದ ಅಮೆರಿಕದ ನೆಟ್ ಅಧ್ಯಯನ 2003ರಲ್ಲಿ ಹೇಳಿದ್ದು: ರೋಗ ಮೇಲಿನ ಹಾಲೆಯಲ್ಲಿ ಹೆಚ್ಚಿದ್ದು, ವ್ಯಾಯಾಮದ ಶಕ್ತಿ ಕಮ್ಮಿಯಿದ್ದವರಿಗೆ ಆಯುಷ್ಯವೂ ಹೆಚ್ಚಿತು. ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಬರುವ ಗಾಳಿ) ಇರಬೇಕಾದದ್ದರ 20 ಶೇಕಡಾಕ್ಕಿಂತ ಇಳಿದು, ರೋಗ ಶ್ವಾಸಕೋಶದ ತುಂಬ ಸಮನಾಗಿ ಹರಡಿದ್ದವರಿಗೆ ಅಥವಾ ಡಿಎಲ್‌ಸಿಓ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಅಳತೆ) ಕೂಡ 20ಕ್ಕಿಂತ ಕೆಳಗಿದ್ದವರಿಗೆ ಅದೇ ಆಪರೇಷನ್ ಪ್ರಾಣಾಪಾಯ ತಂದಿತು.

ಏನೇ ಮಾಡಿಸಿದರೂ ಮತ್ತೆ ಬಾಕ್ಸ್‌ನಲ್ಲಿ ಕೂತು ಅಳೆಸಿ. ಆರ್‌ವಿ ಸುಮಾರು 400 ಮಿಲಿಲೀಟರ್ ಇಳಿದರೆ ರೋಗಿಗೇ ಗೊತ್ತಾಗುವಷ್ಟು ವ್ಯತ್ಯಾಸವಿರುತ್ತದೆ. ಬರುವಾಗ ಹಳೆ ರಿಪೋರ್ಟ್ ತನ್ನಿ, ಶೇಕಡಾ ಜೊತೆಗೆ ಲೀಟರ್ ಅಂಕಿಯೂ ಇರುವ ಪುಟವನ್ನೇ ತನ್ನಿ.